ಗುಳಿಗಿಗೂ ಮಾತ್ರೆ, ಪದ್ಯಕ್ಕೂ ಮಾತ್ರೆ: ನಗಿಸುತ್ತ ವೈದ್ಯ ಕಲಿಸುವ ಪದ್ಯ ಕಟ್ಟುವ ಬಗೆ

ಮಳೆಗಾಲ ಕಾಲಿಟ್ಟರೆ ಸಾಕು, ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮೊಬೈಲುಗಳಲ್ಲಿ ಆರೋಗ್ಯದ ಪ್ರಾಸಪದ್ಯಗಳು ಓಡಾಡತೊಡಗುತ್ತವೆ. ವಾಂತಿ-ಭೇದಿಗೆ ಏನು ಕುಡಿಸಬೇಕು, ಲಕ್ವಾ ಹೊಡೆದರೆ ಏನು ಮಾಡಬೇಕು, ಯಾವ ಗುಳಿಗಿ ಯಾವಾಗ ನುಂಗಬೇಕು ಎಂಬುದೆಲ್ಲ ನಾಲ್ಕು ಸಾಲಿನಲ್ಲಿ ಬರುತ್ತದೆ. ಆಶಾ ಕಾರ್ಯಕರ್ತೆಯರು ಅದನ್ನು ಓಣಿಯಲ್ಲಿ ಹೇಳುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ನರ್ಸಿಂಗ್ ವಿದ್ಯಾರ್ಥಿಗಳು ಎಲುಬಿನ ಹೆಸರುಗಳನ್ನು ಇದೇ ಥರ ಕಟ್ಟಿಕೊಂಡು ಬಾಯಿಪಾಠ ಮಾಡುತ್ತಾರೆ.

ಇಂಥ ಪದ್ಯಗಳಲ್ಲಿ ಕೆಲವು ಜೀವ ಉಳಿಸುತ್ತವೆ, ಕೆಲವು ಜೀವಕ್ಕೆ ಎರವಾಗುತ್ತವೆ. ಎರಡೂ ಕೇಳಲು ಒಂದೇ ಥರ ಇರುತ್ತವೆ, ಎರಡೂ ನಗಿಸುತ್ತವೆ. ಒಳ್ಳೆಯದನ್ನು ಗುರುತಿಸುವುದು, ತಾವೇ ಒಂದನ್ನು ಕಟ್ಟುವುದು ಹೇಗೆ ಎಂಬುದನ್ನು ಮೊದಲಿನಿಂದ ನೋಡೋಣ. ಕೆಳಗಿನ ಪದ್ಯಗಳೆಲ್ಲ ಈ ಲೇಖನಕ್ಕಾಗಿಯೇ ಕಟ್ಟಿದವು.

ವೈದ್ಯಕ್ಕೆ ಪದ್ಯ ಯಾಕೆ?

ಇದು ಹೊಸ ರೂಢಿಯಲ್ಲ. 14ನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ಕನ್ನಡ ಪದ್ಯಗಳಲ್ಲೇ ಬರೆದ. ಆ ಗ್ರಂಥವೇ ಖಗೇಂದ್ರಮಣಿದರ್ಪಣ. ಓಲೆಗರಿ ಎಲ್ಲರ ಕೈಯಲ್ಲಿ ಇರದ ಕಾಲದಲ್ಲಿ ಮದ್ದಿನ ಅಳತೆ ಬಾಯಲ್ಲಿ ಉಳಿಯಬೇಕಿತ್ತು. ಗದ್ಯದಲ್ಲಿ ಒಂದು ಮಾತು ಜಾರಿದರೆ ಕೇಳುವವನಿಗೆ ಗೊತ್ತಾಗುವುದಿಲ್ಲ. ಪದ್ಯದಲ್ಲಿ ಒಂದು ಅಕ್ಷರ ಜಾರಿದರೂ ನಡೆ ಎಡವುತ್ತದೆ, ಹೇಳುವವನ ನಾಲಗೆಯೇ ನಿಲ್ಲುತ್ತದೆ.

ಛಂದಸ್ಸನ್ನು ಕಲಿಸುವ ಸೂತ್ರವೂ ಇಂಥದ್ದೇ. ಶಾಲೆಯಲ್ಲಿ ಕಲಿತ 'ಯಮಾತಾರಾಜಭಾನಸಲಗಂ' ನೆನಪಿರಬಹುದು. ಅದರ ಮೊದಲ ಎಂಟರಲ್ಲಿ ಯಾವ ಅಕ್ಷರದಿಂದ ಮೂರನ್ನು ಎಣಿಸಿದರೂ ಆ ಅಕ್ಷರದ ಗಣವೇ, ಅಂದರೆ ಮೂರಕ್ಷರದ ಗುಂಪೇ, ಸಿಗುತ್ತದೆ: 'ಯಮಾತಾ' ಎಂದರೆ ಲಘು-ಗುರು-ಗುರು (ಗಿಡ್ಡ-ಉದ್ದ-ಉದ್ದ), ಅದೇ ಯಗಣ. ಒಂದು ಅಕ್ಷರ ಅದಲು ಬದಲಾದರೆ ಲೆಕ್ಕವೇ ಕೂಡುವುದಿಲ್ಲ. ವೈದ್ಯದ ಪದ್ಯವೂ ಹೀಗಿರಬೇಕು: ತಪ್ಪು ಹೇಳಿದರೆ ಪದ್ಯವೇ ಕೆಡಬೇಕು. ಈ ಲೇಖನದ ಎಲ್ಲ ಮಾತೂ ಈ ಒಂದರಿಂದ ಹುಟ್ಟಿದ್ದು. ತಪ್ಪನ್ನು ತಡೆಯುವ ಆ ಕಟ್ಟನ್ನು ಮುಂದೆ 'ಬೀಗ' ಎಂದು ಕರೆಯುತ್ತೇನೆ.

ಮಾತ್ರೆ ಎಣಿಸುವುದು

ಕನ್ನಡದಲ್ಲಿ 'ಮಾತ್ರೆ' ಎಂದರೆ ಔಷಧದ ಗುಳಿಗೆಯೂ ಹೌದು, ಪದ್ಯದಲ್ಲಿ ಉಚ್ಚಾರಣೆಯ ಕಾಲವೂ ಹೌದು. ಪದ್ಯದ ಲೆಕ್ಕ ಸರಳ. ಹ್ರಸ್ವ ಅಕ್ಷರಕ್ಕೆ 1 ಮಾತ್ರೆ, ದೀರ್ಘಕ್ಕೆ 2. ಹ್ರಸ್ವವಾಗಿದ್ದರೂ ಅದರ ಮುಂದೆ ಒತ್ತಕ್ಷರ ಬಂದರೆ, ಅಥವಾ ಅದಕ್ಕೆ ಸೊನ್ನೆ ಹತ್ತಿದರೆ 2. ಈ ಮಾತ್ರೆಗಳನ್ನು ಮೂರು, ನಾಲ್ಕು ಅಥವಾ ಐದರ ಗುಂಪು ಮಾಡಿದರೆ ಅದು ಮಾತ್ರಾಗಣ. ಒಂದು ಸಾಲಿನಲ್ಲಿ ಐದು ಮಾತ್ರೆಯ ನಾಲ್ಕು ಗಣ ಇಟ್ಟರೆ ಹೇಳಲು ಹಿತವಾದ ನಡೆ ಬರುತ್ತದೆ. ಹೊಸದಾಗಿ ಕಟ್ಟುವವರಿಗೆ ಇದೇ ಒಳ್ಳೆಯ ಅಳತೆ.

ಉಪ್ಪು, ಸಕ್ಕರೆ ಮತ್ತು ಷಣ್ಮುಖ

ಭೇದಿಯಾದಾಗ ಮೈಯಿಂದ ನೀರಿನ ಜೊತೆ ಲವಣವೂ ಹೋಗುತ್ತದೆ. ಬರೀ ನೀರು ಕುಡಿಸಿದರೆ ಕರುಳು ಅದನ್ನು ಸಾಕಷ್ಟು ಹೀರಿಕೊಳ್ಳುವುದಿಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಉಪ್ಪಿನ ಸೋಡಿಯಂ ಮತ್ತು ಸಕ್ಕರೆಯ ಗ್ಲೂಕೋಸ್ ಜೊತೆಯಾಗಿಯೇ ಒಳಗೆ ಹೋಗುವ ದಾರಿ ಒಂದಿದೆ. ಅವೆರಡೂ ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಅದಕ್ಕೇ ಓಆರ್‌ಎಸ್‌ನಲ್ಲಿ, ಅಂದರೆ ಭೇದಿಯಾದಾಗ ಕುಡಿಸುವ ಲವಣ-ಸಕ್ಕರೆಯ ನೀರಿನಲ್ಲಿ, ಎರಡೂ ಬೇಕು, ಅಳತೆಯಲ್ಲೇ ಬೇಕು. ಸಕ್ಕರೆ ಹೆಚ್ಚಾದರೆ ಅದು ನೀರನ್ನು ಕರುಳಿನೊಳಕ್ಕೇ ಎಳೆದು ಭೇದಿ ಹೆಚ್ಚಿಸುತ್ತದೆ. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು.

ಮೊದಲ ಆಯ್ಕೆ ಪೊಟ್ಟಣದ ಓಆರ್‌ಎಸ್. ಅದು ಸಿಗುವವರೆಗೆ ಮನೆಯಲ್ಲಿ ಕಲಸುವುದಾದರೆ 1 ಲೀಟರ್ ನೀರಿಗೆ 6 ಚಾ ಚಮಚ ಸಕ್ಕರೆ, ಅರ್ಧ ಚಾ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಏಳಬಾರದು, ಸವರಿ ಚಪ್ಪಟೆ ಮಾಡಿರಬೇಕು. 'ಒಂದು ಚಿಟಿಕಿ ಉಪ್ಪು, ಒಂದು ಹಿಡಿ ಸಕ್ಕರಿ' ಎಂಬ ಪದ್ಯಗಳನ್ನು ಬಿಟ್ಟುಬಿಡಿ. ಹೊಲದಲ್ಲಿ ದುಡಿಯುವ ಗಂಡಾಳಿನ ಹಿಡಿ ಬೇರೆ, ಹದಿನಾರರ ಹುಡುಗಿಯ ಹಿಡಿ ಬೇರೆ.

ಈಗ ಪದ್ಯ. ಮೊದಲು ಎಲ್ಲರಿಗೂ ಹೊಳೆಯುವುದು 'ಆರು' ಮತ್ತು 'ನೀರು' ಪ್ರಾಸ. ಅಪಾಯ ಇರುವುದೂ ಅಲ್ಲೇ. 'ಮೂರು', 'ನೂರು' ಕೂಡ ನೀರಿಗೆ ಪ್ರಾಸವಾಗುತ್ತವೆ, ಮಾತ್ರೆಯೂ ಅಷ್ಟೇ, ಮೂರು ಮೂರು. ಆರು ಹೋಗಿ ಮೂರು ಬಂದರೂ ಪದ್ಯ ಚೆಂದವಾಗಿಯೇ ಕೇಳುತ್ತದೆ. ಬೀಗ ಬೀಳಲಿಲ್ಲ. ಆಗ ನಮ್ಮ ಹಳೆಯ ಕವಿಗಳ ಸಂಖ್ಯಾಸಂಕೇತ ಕೈ ಹಿಡಿಯುತ್ತದೆ: ಚಂದ್ರ ಎಂದರೆ 1, ಕಣ್ಣು ಎಂದರೆ 2, ವೇದ ಎಂದರೆ 4.

ಅರ್ಧನಾರೀಶಂಗೆ ಅರ್ಧ ಚಮಚೆಯ ಉಪ್ಪು
ಷಣ್ಮುಖನ ಮುಖಕೊಂದು ಚಮಚೆ ಸಕ್ಕರೆ ಒಪ್ಪು
ಒಂದು ಲೀಟರು ನೀರು ಕುದಿಸಿ ಆರಿಸಬೇಕು
ಉಳಿದದ್ದು ಮರುದಿವಸ ಮೋರಿಗೆ ಸುರುವಬೇಕು

ಮೊದಲ ಸಾಲನ್ನು ಒಡೆದರೆ: ಅರ್ಧನಾ | ರೀಶಂಗೆ | ಅರ್ಧ ಚಮ | ಚೆಯ ಉಪ್ಪು. ಪ್ರತಿಯೊಂದೂ ಐದು. ಯಾರಾದರೂ 'ಒಂದು ಚಮಚೆಯ ಉಪ್ಪು' ಎಂದರೆ ಛಂದಸ್ಸು ಅದನ್ನು ಹಿಡಿಯುವುದಿಲ್ಲ, ಯಾಕೆಂದರೆ 'ಅರ್ಧ'ಕ್ಕೂ 'ಒಂದು'ಗೂ ಮೂರೇ ಮಾತ್ರೆ. ಹಿಡಿಯುವುದು ಅರ್ಧನಾರೀಶ್ವರ. ಅವನ ಪಾಲಿಗೆ ಒಂದು ಬರಲಾರದು. ಷಣ್ಮುಖನಿಗೆ ಮೂರು ಮುಖ ಆಗಲಾರದು. ಉಪ್ಪು-ಸಕ್ಕರೆ ಅದಲು ಬದಲಾದರೆ 'ಒಪ್ಪು' ಎಂಬ ಪ್ರಾಸ ಒಂಟಿಯಾಗುತ್ತದೆ.

ಪದ್ಯ ಹೇಳದೆ ಬಿಟ್ಟದ್ದೂ ಇದೆ. ಚಮಚ ಎಷ್ಟು ದೊಡ್ಡದು ಎಂದು ಅದು ಹೇಳುವುದಿಲ್ಲ. 5 ಮಿಲಿ ಹಿಡಿಯುವ ಚಾ ಚಮಚದ ಚಿತ್ರವನ್ನು ಪಕ್ಕದಲ್ಲಿ ಬರೆಯಬೇಕು. ಲೀಟರ್ ಎಂದರೆ ಮನೆಯ ತಂಬಗಿಯಲ್ಲ, ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿ. ಎಷ್ಟು ಕುಡಿಸಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿ, ಚಮಚ ಚಮಚವಾಗಿ. ಎದೆಹಾಲು ನಿಲ್ಲಿಸಬಾರದು. ಮಗು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕೂರುವಂತಿಲ್ಲ, ದವಾಖಾನೆಗೆ ಹೋಗಬೇಕು.

ನಗು ಎಲ್ಲಿ ಬೀಳಬೇಕು

ಹಾಸ್ಯಪದ್ಯ ಕಟ್ಟುವವರು ಬಹಳ ಸಲ ಎಡವುವುದು ಇಲ್ಲಿ. ಅತ್ತೆ-ಸೊಸೆ ಜಗಳದ ಚಟಾಕಿಯೊಂದನ್ನು ತಂದು ಪದ್ಯದ ನಡುವೆ ಇಡುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಮರುದಿನ ಕೇಳಿದರೆ ಅತ್ತೆ ನೆನಪಿರುತ್ತಾಳೆ, ಔಷಧ ಮರೆತಿರುತ್ತದೆ. ನೆನಪಿರಬೇಕಾದ ಮಾತಿನ ಮೇಲೆಯೇ ನಗು ಬೀಳಬೇಕು. ಲಕ್ವಾ, ಅಂದರೆ ಪಾರ್ಶ್ವವಾಯುವಿನ ಪದ್ಯ ನೋಡಿ:

ನಗು ಎಂದರರ್ಧಮೊಗ ನಕ್ಕರದು ನಗೆಯಲ್ಲ
ಎತ್ತೆಂದರೊಂದು ಕೈ ಬಿದ್ದರದು ಸೋಗಲ್ಲ
ಮಾತು ತೊದಲಲು ಕುಡಿದ ಅಮಲೆಂದು ನಗಬೇಡ
ನೂರೆಂಟು ಕರಿ ಮೊದಲು, ನೂರೆಂಟು ಮದ್ದಲ್ಲ

ನಗಲು ಹೇಳುವುದು, ಎರಡೂ ಕೈ ಎತ್ತಿಸುವುದು, ಮಾತಾಡಿಸುವುದು ಎಂಬ ಮೂರು ಪರೀಕ್ಷೆ ಮೂರು ಸಾಲಿನಲ್ಲಿವೆ. ನಾಲ್ಕನೆಯದರಲ್ಲಿ ಶ್ಲೇಷೆ. ಮೊದಲ ನೂರೆಂಟು ಆಂಬುಲೆನ್ಸಿನ ನಂಬರು, ಎರಡನೆಯದು ನಮ್ಮ ಮಾತಿನ 'ನೂರೆಂಟು', ಅಂದರೆ ಲೆಕ್ಕವಿಲ್ಲದಷ್ಟು. ನಗು ಬರುವುದು ಅಲ್ಲಿ, ನೆನಪಿರಬೇಕಾದದ್ದೂ ಅದೇ. ಬೇರೆ ಯಾವ ನಂಬರು ಹಾಕಿದರೂ ಶ್ಲೇಷೆ ಸತ್ತುಹೋಗುತ್ತದೆ. ಇನ್ನೊಂದು ಮಾತನ್ನೂ ಗಮನಿಸಿ: ರೋಗಿಯ ಸೊಟ್ಟ ಮುಖವನ್ನು ಈ ಪದ್ಯ ಆಡಿಕೊಳ್ಳುವುದಿಲ್ಲ, ಪಕ್ಕದಲ್ಲಿ ನಿಂತವರ ತಪ್ಪು ತಿಳಿವಳಿಕೆಯನ್ನು ತಿದ್ದುತ್ತದೆ. ರೋಗಿಯನ್ನು ನೋಡಿ ನಗುವ ಪದ್ಯವನ್ನು ರೋಗಿಯ ಮನೆಯವರು ಎರಡನೆಯ ಸಲ ಹೇಳಲಾರರು.

ಮಾತಿನ ಪರೀಕ್ಷೆಗೆ ನಾಲಗೆ ತಿರುಚುವ ಪದಗಳನ್ನು ಕೊಡಬೇಡಿ. ಏರಿಯ ಮೇಲೆ ಕರಿ ಕುರಿಮರಿ ಮೇಯಿಸುವ ಸಾಲನ್ನು ಗಟ್ಟಿಮುಟ್ಟಾದವರೂ ತೊದಲುತ್ತಾರೆ. 'ಇವತ್ತು ಮಳಿ ಬರತೈತಿ' ಎಂಬಂಥ ಸಾದಾ ಮಾತು ಸಾಕು. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಸೂಜಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ನೀವು ಕಂಡ ಹೊತ್ತಿನಿಂದಲ್ಲ, ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಆ ಸಮಯವನ್ನು ಬರೆದಿಟ್ಟುಕೊಳ್ಳಿ. ನೀರು, ಚಾ ಏನನ್ನೂ ಕುಡಿಸಬೇಡಿ, ನುಂಗುವ ಶಕ್ತಿ ಕೆಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಬೇಡ. ಲಕ್ವಾ ಹೆಪ್ಪಿನಿಂದ ಆದದ್ದೋ ರಕ್ತ ಸೋರಿ ಆದದ್ದೋ ಎಂಬುದು ಸಿಟಿ ಸ್ಕ್ಯಾನ್ ಮಾಡದೆ ತಿಳಿಯದು. ಚೀಟಿಯಲ್ಲಿ ಅಚ್ಚು ಹಾಕುವಾಗ ಪದ್ಯದ ಪಕ್ಕದಲ್ಲಿ 108 ಎಂದು ದಪ್ಪ ಅಂಕಿಯಲ್ಲೂ ಬರೆಯಿರಿ.

ಮುಂಗೈಯ ಎಂಟು ಎಲುಬು, ಅರ್ಧ ಭಾಮಿನಿ

ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ, ನಾಲ್ಕು ನಾಲ್ಕರ ಎರಡು ಸಾಲು. ಹೆಬ್ಬೆರಳಿನ ಕಡೆಯಿಂದ ಮೊದಲ ಸಾಲು: ಸ್ಕ್ಯಾಫಾಯ್ಡ್, ಲೂನೇಟ್, ಟ್ರೈಕ್ವಿಟ್ರಲ್, ಪಿಸಿಫಾರ್ಮ್. ಎರಡನೆಯದು: ಟ್ರಪೀಜಿಯಂ, ಟ್ರಪೀಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಇಂಗ್ಲಿಷಿನಲ್ಲಿ ಇವುಗಳ ಮೊದಲಕ್ಷರ ಹಿಡಿದು ವಾಕ್ಯ ಕಟ್ಟುತ್ತಾರೆ. ಕನ್ನಡದಲ್ಲಿ ಅದು ಕೂಡಿಬರುವುದಿಲ್ಲ, ಬೇಕಾಗಿಯೂ ಇಲ್ಲ. ಈ ಹೆಸರುಗಳೆಲ್ಲ ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಸಾದಾ ವಸ್ತುಗಳ ಹೆಸರೇ: ದೋಣಿ, ಚಂದ್ರ, ಮೂರು ಮೂಲೆ, ಬಟಾಣಿ, ಮೇಜು, ಮೇಜಿನಂಥದ್ದು, ತಲೆ, ಕೊಕ್ಕೆ. ಅರ್ಥವನ್ನೇ ಹಾಡಬಹುದು.

ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಭಾರತ ಬರೆದ ಎಂದು ನಂಬುವ ಸೀಮೆಯಲ್ಲಿ ಆರು ಸಾಲಿನ ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆ ಎಲ್ಲರ ಕಿವಿಯಲ್ಲೂ ಇದೆ. ಅದರ ಮೊದಲೆರಡು ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23.

ದೋಣಿ ಚಂದಿರ ಮೂರು ಮೂಲೆಯ
ಜಾಣ ಬಟಾಣಿ ಸಾಲು ಮುಗಿಯಿತು
ಕಾಣು ಮೇಜನು, ಮೇಜುಮರಿಯನು, ತಲೆಯ, ಕೊಕ್ಕೆಯನೂ

ಇಲ್ಲಿ ಛಂದಸ್ಸೇ ಗಟ್ಟಿ ಬೀಗ. 'ದೋಣಿ'ಗೆ ಮೂರು ಮಾತ್ರೆ, 'ಚಂದಿರ'ಕ್ಕೆ ನಾಲ್ಕು. ಹಿಂದುಮುಂದಾದರೆ ಭಾಮಿನಿಯ ನಡೆ ಕುಂಟುತ್ತದೆ. ತಲೆ-ಕೊಕ್ಕೆಗೂ ಹೀಗೆಯೇ. ದೋಣಿಯ ಜಾಗಕ್ಕೆ ಮೂರು ಮಾತ್ರೆಯ ಬೇರೊಂದು ಪದ ತಂದರೆ ಆದಿಪ್ರಾಸ ತಪ್ಪುತ್ತದೆ: ದೋಣಿ, ಜಾಣ, ಕಾಣು ಮೂರರಲ್ಲೂ ಎರಡನೆಯ ಅಕ್ಷರ ಣಕಾರ. 'ಸಾಲು ಮುಗಿಯಿತು' ಎಂಬುದು ಮಾತ್ರೆ ತುಂಬಲು ಹಾಕಿದ್ದಲ್ಲ. ಎಲುಬಿನ ಮೊದಲ ಸಾಲು ಅಲ್ಲೇ ಮುಗಿಯುತ್ತದೆ.

ದೋಣಿ ಮೊದಲು ಬಂದದ್ದು ಒಳ್ಳೆಯದೇ ಆಯಿತು. ಅಂಗೈ ಊರಿ ಬಿದ್ದಾಗ ಈ ಎಂಟರಲ್ಲಿ ಹೆಚ್ಚಾಗಿ ಮುರಿಯುವುದು ಅದೇ. ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋಯುತ್ತದೆ, ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಅದಕ್ಕೇ ಅನುಮಾನವಿದ್ದರೆ ಕಟ್ಟು ಹಾಕಿ, ಹತ್ತು-ಹದಿನಾಲ್ಕು ದಿನದ ಮೇಲೆ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ಈ ಎಲುಬಿಗೆ ರಕ್ತ ಬೆರಳಿನ ಕಡೆಯಿಂದ ಹಿಂದಕ್ಕೆ ಹರಿಯುವುದರಿಂದ ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಸಿಗದೆ ಕೂಡಿಕೊಳ್ಳುವುದು ತಡವಾಗುತ್ತದೆ.

ಕೊನೆಯ ಅಕ್ಷರಗಳ ಅರ್ಥ

ವೈದ್ಯದ ಉದ್ದ ಪದಗಳು ನಮ್ಮ ಸಮಾಸದ ಹಾಗೆಯೇ ಕೂಡಿದವು. ಮೊದಲ ಭಾಗ ಅಂಗ, ಕೊನೆಯ ಭಾಗ ಆ ಅಂಗಕ್ಕೆ ಆದದ್ದು ಅಥವಾ ಮಾಡಿದ್ದು. 'ಐಟಿಸ್' ಬಂದರೆ ಉರಿಯೂತ, 'ಆಲ್ಜಿಯಾ' ಬಂದರೆ ನೋವು, 'ಸ್ಕೋಪಿ' ಬಂದರೆ ಒಳಗೆ ನೋಡುವುದು. ಗೊಂದಲ ಆಗುವುದು ಮೂರರಲ್ಲಿ:

ಆಟಮಿಗೆ ಸೀಳುವರು, ಆಸ್ಟಮಿಗೆ ತೆರೆಯುವರು
ಎಕ್ಟಮಿಗೆ ಮನೆ ಖಾಲಿ ಮಾಡಿಸಿಯೆ ಕಳಿಸುವರು

ಸೀಳಿ ಮುಚ್ಚುವುದು ಆಟಮಿ, ಬಾಯಿ ಮಾಡಿ ತೆರೆದಿಡುವುದು ಆಸ್ಟಮಿ, ಕತ್ತರಿಸಿ ತೆಗೆದುಹಾಕುವುದು ಎಕ್ಟಮಿ. ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿದರೆ ಕೊಲಾಸ್ಟಮಿ. ಗೋಕುಲಾಷ್ಟಮಿಯ ಪಕ್ಕದಲ್ಲಿಟ್ಟು ಹೇಳಿಕೊಟ್ಟರೆ ವಿದ್ಯಾರ್ಥಿ ಮರೆಯುವುದಿಲ್ಲ.

ಔಷಧಗಳ ಮೂಲ ಹೆಸರುಗಳಲ್ಲಿ ಅಂತ್ಯಪ್ರಾಸ ಆಗಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 1953ರಲ್ಲಿ ಇಂಥ ಹೆಸರುಗಳ ಮೊದಲ ಪಟ್ಟಿ ಹೊರತಂದಿತು. ಒಂದೇ ಗುಂಪಿನ ಔಷಧಗಳಿಗೆ ಒಂದೇ ಕೊನೆ ಇರಲಿ ಎಂಬುದು ಅದರ ಕ್ರಮ. ಅಟೆನೊಲಾಲ್, ಮೆಟೊಪ್ರೊಲಾಲ್ ಒಂದು ಮನೆತನ. ಎನಲಾಪ್ರಿಲ್, ರಾಮಿಪ್ರಿಲ್ ಇನ್ನೊಂದು.

ಪ್ರಿಲ್ಲೆಂದು ಮುಗಿದರದು ಕೆಮ್ಮು ತಂದೀತಣ್ಣ
ಸಾರ್ಟಾನು ಬಂದರದೆ ಕೆಲಸ, ಕೆಮ್ಮಿಲ್ಲಣ್ಣ

ಎರಡೂ ರಕ್ತದೊತ್ತಡದ ಔಷಧಗಳು. ಪ್ರಿಲ್ ಗುಂಪು ಕೆಲವರಿಗೆ ಒಣಕೆಮ್ಮು ತರುತ್ತದೆ. ಆದರೆ ಎರಡನೆಯ ಸಾಲು ಸ್ವಲ್ಪ ಅತಿಯಾಯಿತು: ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪಿನಲ್ಲಿ ಕೆಮ್ಮು ಅಪರೂಪ, ಇಲ್ಲವೇ ಇಲ್ಲ ಎಂದಲ್ಲ. 'ಬಹುಶಃ', 'ಕೆಲವರಿಗೆ', 'ಸಾಮಾನ್ಯವಾಗಿ' ಎಂಬ ಮಾತುಗಳು ಪದ್ಯದಲ್ಲಿ ಮೊದಲು ಉದುರಿಹೋಗುತ್ತವೆ. ಆದ್ದರಿಂದ ಇಂಥ ಪದ್ಯ ಓದುವ ವಿದ್ಯಾರ್ಥಿಗೆ ಸರಿ, ರೋಗಿಯ ಕೈಗೆ ಕೊಡುವುದಕ್ಕಲ್ಲ. ಅವರು ತಾವೇ ಗುಳಿಗಿ ಬದಲಿಸಿಬಿಡಬಹುದು.

ಶ್ಲೇಷೆ ಕೊಲ್ಲುವುದೂ ಉಂಟು

ಶ್ಲೇಷೆ ಎಂದರೆ ಒಂದು ಮಾತಿಗೆ ಎರಡು ಅರ್ಥ. ಸಾಹಿತ್ಯದಲ್ಲಿ ಎರಡೂ ರುಚಿ. ವೈದ್ಯದಲ್ಲಿ ಎರಡೂ ಅರ್ಥ ಸುರಕ್ಷಿತವಾಗಿರಬೇಕು, ಯಾಕೆಂದರೆ ಕೇಳುವವರು ಯಾವುದನ್ನು ಹಿಡಿಯುತ್ತಾರೆ ಎಂಬುದು ಕಟ್ಟಿದವರ ಕೈಯಲ್ಲಿಲ್ಲ. 'ರಾತ್ರಿ ಮಾತ್ರೆ ನುಂಗಬೇಕು', 'ರಾತ್ರಿ ಮಾತ್ರ ನುಂಗಬೇಕು' – ಒಂದು ಸ್ವರದ ವ್ಯತ್ಯಾಸ. ದಿನಕ್ಕೆರಡು ಸಲ ಬೇಕಾದ ಔಷಧ ಒಂದೇ ಸಲಕ್ಕೆ ಇಳಿಯಬಹುದು. ನಮ್ಮ ಕಡೆಯ 'ಗುಳಿಗಿ' ಇಲ್ಲಿ ಎಷ್ಟೋ ಮೇಲು. ಅದಕ್ಕೆ ಇನ್ನೊಂದು ಅರ್ಥ ಅಂಟಿಲ್ಲ.

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗಿಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಸಾವೂ ಆಗಬಹುದು. 'ವಾರಕ್ಕೆ' ಎಂಬ ಮಾತು ಸಾಲದು, ದಿನದ ಹೆಸರೇ ಬೇಕು:

ಸೋಮವಾರದ ಗುಳಿಗಿ ಸೋಮವಾರಕ್ಕಷ್ಟೆ
ಮಂಗಳಾರಕೆ ನುಂಗೆ ಮಂಗಳಾರತಿಯಷ್ಟೆ

ಮಂಗಳವಾರವನ್ನು ನಾವು 'ಮಂಗಳಾರ' ಎನ್ನುವುದರಿಂದಲೇ ಈ ಶ್ಲೇಷೆ ಸಾಧ್ಯವಾಯಿತು. ಮಂಗಳಾರತಿಯನ್ನು ಬೈಗುಳ ಎಂದು ತಿಳಿಯಲಿ, ಮುಕ್ತಾಯ ಎಂದು ತಿಳಿಯಲಿ, ಎರಡೂ 'ನುಂಗಬೇಡ' ಎಂದೇ ಹೇಳುತ್ತವೆ. ರೋಗಿಯ ದಿನ ಗುರುವಾರವಾಗಿದ್ದರೆ ಈ ಪದ್ಯವನ್ನು ಅವರಿಗೆ ಹೇಳಲೇಬಾರದು, ಬೇರೆ ಕಟ್ಟಬೇಕು.

ಕಟ್ಟಿದ ಮೇಲೆ ಪರೀಕ್ಷೆ

ಮೊದಲು ಪದ್ಯದಲ್ಲಿರುವ ಪ್ರತಿ ಅಂಕಿಯನ್ನು ಬೇಕೆಂದೇ ತಪ್ಪಾಗಿ ಬದಲಿಸಿ ಗಟ್ಟಿಯಾಗಿ ಹೇಳಿ. ಕಿವಿಗೆ ಏನೂ ಅನ್ನಿಸದಿದ್ದರೆ ಅಲ್ಲಿ ಬೀಗ ಇಲ್ಲ. ಆಮೇಲೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಹೇಳಿಕೊಟ್ಟು, ಅವರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ ಹೇಳಲಿ. ಮೂರನೆಯವರ ಬಾಯಲ್ಲಿ ಯಾವ ಪದ ಬದಲಾಗಿದೆಯೋ ಆ ಸಾಲನ್ನು ತಿದ್ದಬೇಕು. ಹೇಳಿಸುವುದಷ್ಟೇ ಸಾಲದು, ಮಾಡಿಸಬೇಕು. ಚಮಚ, ಬಾಟಲಿ, ಉಪ್ಪು, ಸಕ್ಕರೆ ಮುಂದಿಟ್ಟು 'ಕಲಸ್ರಿ' ಎಂದರೆ ಪದ್ಯ ಒಪ್ಪಿಸುವವರಲ್ಲೂ ಕೆಲವರು ಗೋಪುರದಂಥ ಚಮಚ ತುಂಬುತ್ತಾರೆ.

ಹಾಡಿಸುವುದಾದರೆ ಗೀಗೀ ಪದದ ಮಟ್ಟು ಒಳ್ಳೆಯದು. ಮೇಳದವರು ಮತ್ತೆ ಮತ್ತೆ ಎತ್ತಿ ಹೇಳುವ ಪಲ್ಲವಿಯಲ್ಲಿ ಮಾಡಬೇಕಾದ ಕೆಲಸವಿರಲಿ, ರೋಗದ ವರ್ಣನೆ ನುಡಿಯಲ್ಲಿ, ಅಂದರೆ ಚರಣದಲ್ಲಿ, ಇರಲಿ. ಮಕ್ಕಳ ತೂಕ ನೋಡಿ ಕೊಡುವ ಔಷಧಗಳನ್ನು, ಇನ್ಸುಲಿನ್ ಅಳತೆಯನ್ನು ಪದ್ಯಕ್ಕೆ ತರಲೇಬೇಡಿ. ಅವು ಒಬ್ಬೊಬ್ಬರಿಗೆ ಒಂದೊಂದು.

ಪ್ರತಿ ಪದ್ಯದ ಕೆಳಗೆ ತಿಂಗಳು, ವರ್ಷ ಬರೆದಿರಬೇಕು. ವೈದ್ಯ ಬದಲಾಗುತ್ತದೆ, ಬಾಯಿಪಾಠ ಬದಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಓಆರ್‌ಎಸ್‌ನ ಲವಣ-ಗ್ಲೂಕೋಸ್ ಅಂಶವನ್ನೇ ಇಳಿಸಿತು. ಈಗ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಅರ್ಧನಾರಿ-ಷಣ್ಮುಖರ ಲೆಕ್ಕ ಪೊಟ್ಟಣ ಸಿಗದಿದ್ದಾಗಿನ ಮನೆಯ ಬೆರಕೆಗೆ ಮಾತ್ರ, ಅದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ. ಪೊಟ್ಟಣ ಸಿಕ್ಕರೆ ಅದರ ಮೇಲೆ ಬರೆದಷ್ಟು ನೀರಿಗೆ, ದೊಡ್ಡದಾದರೆ 1 ಲೀಟರಿಗೆ, ಸಣ್ಣದಾದರೆ 200 ಮಿಲಿಗೆ, ಇಡೀ ಪೊಟ್ಟಣ ಸುರಿದು ಕಲಸಬೇಕು. ಮೇಲೆ ಸಕ್ಕರೆಯನ್ನಾಗಲಿ ಉಪ್ಪನ್ನಾಗಲಿ ಹಾಕುವಂತಿಲ್ಲ.